ಮೀನಿನ ಕಣ್ಣಲ್ಲ

ಎಡಗಾಲಿನ ಹಿಮ್ಮಡಿಗೆ ಎರಡು ಬೆರಳು ಮುಂದೆ
ಮೂರು ಗಂಟು.
ಮೊದಲು ಒಂದೇ ಇತ್ತು, ಅಕ್ಕಿಕಾಳಿನಷ್ಟು.
ಮೂರು ಅವಾಬಿ ಹಂಗಾಮು ಮುಗಿಯುವುದರೊಳಗೆ
ಬಿಡಾರ ಹೂಡಿ, ಮಕ್ಕಳನ್ನೂ ಹೆತ್ತಿತು.

ಮುಳುಗಿ ಎದ್ದು, ಸಿಳ್ಳೆಯಂಥ ಉಸಿರು ಬಿಟ್ಟು,
ಗುಡಿಸಲಿನ ಬೆಂಕಿಗೆ ಮೈಯೊಡ್ಡಿ ಕೂತಾಗ
ಅವತ್ತಿನ ಪಂಚಾಯ್ತಿ ನನ್ನ ಅಂಗಾಲಿನದೇ.

'ಮೀನಿನ ಕಣ್ಣು' ಎಂದಳು ಮಿತ್ಸುಯೊ.
ನಮ್ಮ ಮಾತಲ್ಲಿ ಆಣಿಗೆ ಅದೇ ಹೆಸರು.
'ಅಲ್ಲ, ಟಾಕೊ' ಎಂದಳು ಅವಳ ನಾದಿನಿ.
ಜಡ್ಡಿಗೂ ಟಾಕೊ, ಎಂಟು ತೋಳಿನ ಆಕ್ಟೋಪಸ್ಸಿಗೂ ಟಾಕೊ.
'ಕಡಲಲ್ಲಿ ಕೈಗೆ ಸಿಗದ್ದನ್ನೆಲ್ಲ
ಕಾಲಲ್ಲಿ ಹಿಡಿದಿದ್ದೀಯಲ್ಲೇ!'
ನಗು, ಹೊಗೆ, ಕೆಮ್ಮು.

ಎಂಬತ್ತನಾಲ್ಕರ ಷಿನೊ ಮಾತ್ರ
ಕೆಂಡದಲ್ಲಿ ಗೆಣಸು ಮಗುಚುತ್ತ
'ಉನಿಯ ಮುಳ್ಳು' ಎಂದಳು.
ಉನಿ, ಬಂಡೆಯ ಸಂದಿಯಲ್ಲಿ ಕೂತ ಕರೀ ಮುಳ್ಳುಂಡೆ.
ಯಾರೂ ಕಿವಿಗೊಡಲಿಲ್ಲ.
ಷಿನೊಗೆ ಸೊಂಟನೋವೂ ಉನಿಯ ಮುಳ್ಳೇ,
ತೆರಿಗೆಯ ನೋಟಿಸೂ ಉನಿಯ ಮುಳ್ಳೇ.

ಔಷಧಿ ಅಂಗಡಿಯ ಪಟ್ಟಿ ಅಂಟಿಸಿದೆ.
ಚರ್ಮ ಬೆಳ್ಳಗೆ, ನೆನೆದ ತೋಫುವಿನ ಹಾಗೆ ಸುಲಿಯಿತು.
ಹದಿನೈದೇ ದಿನ, ಮೂರೂ ವಾಪಸು.

ಬಂದರಿನ ಹಳೆಯ ಡಾಕ್ಟರು
ಮೇಲಿಂದ ಒತ್ತಿದರು: ತಡೆದುಕೊಂಡೆ.
ಪಕ್ಕದಿಂದ ಹಿಂಡಿದರು: ಕಿರುಚಿದೆ.
'ಒತ್ತಿದರೆ ನೊಂದರೆ ಆಣಿ,
ಹಿಂಡಿದರೆ ನೊಂದರೆ ನರುಲಿ'
ಎಂದು ಗಾದೆಯಂತೆ ಹೇಳಿ, ಚೀಟಿ ಬರೆದು,
ಉಕ್ಕಿನ ಫ್ಲಾಸ್ಕಿನಿಂದ ಹಿಮದ ಹೊಗೆ ಸುರಿದರು.
ನಾಲ್ಕು ಸಲ. ನಾಲ್ಕು ಬೊಕ್ಕೆ.
ಪ್ರತಿ ಸಲ ಎರಡು ವಾರ
ದಡದಲ್ಲಿ ಕುಂಟುತ್ತ ಬೇರೆಯವರ ಬುಟ್ಟಿ ಎಣಿಸಿದೆ.

ಆಮೇಲೆ ಅವರು ನಿವೃತ್ತರಾದರು. ಗಂಟುಗಳು ಆಗಲಿಲ್ಲ.

ಇಸೆಯಿಂದ ಶನಿವಾರ ಮಾತ್ರ ಬರುವ ಹುಡುಗಿ,
ಡಾಕ್ಟರ್ ಕುರಾಮೊಚಿ,
ಹಿಂಡಲಿಲ್ಲ. ದೀಪ ಎಳೆದುಕೊಂಡಳು,
ಬ್ಲೇಡಿನಲ್ಲಿ ಪದರ ಪದರ ಕೆರೆದಳು,
ಮಸೂರದ ಮೂಲಕ ಬಹಳ ಹೊತ್ತು ನೋಡಿದಳು.
'ನರುಲಿಯಾದರೆ ಚರ್ಮದ ಗೆರೆಗಳು
ಅದನ್ನು ಕಂಡು ಪಕ್ಕಕ್ಕೆ ಸರಿಯುತ್ತವೆ,
ಒಳಗೆ ರಕ್ತದ ಕಪ್ಪು ಚುಕ್ಕಿ ಇರುತ್ತದೆ.
ಇಲ್ಲಿ ಚುಕ್ಕಿಯಿಲ್ಲ. ಗೆರೆಗಳೂ ಹೆದರಿಲ್ಲ,
ಹತ್ತಿ ಇಳಿದು ಹೋಗುತ್ತಿವೆ.'
ನನಗೆ ಗೊತ್ತಿತ್ತು ಆ ಗುರುತು:
ಮರಳೊಳಗೆ ಏನೋ ಮಲಗಿದ್ದಾಗ
ಮೇಲಿನ ಅಲೆಗೆರೆ ಹಾಗೇ ಉಬ್ಬುತ್ತದೆ,
ಕೈ ಹಾಕುವುದೇ ಅಲ್ಲಿ.

ಬ್ಲೇಡು ಕೆಳಗಿಟ್ಟು ಕೇಳಿದಳು:
'ಈ ಕಾಲಿಗೆ ಏನು ಕೆಲಸ?'

ಮೂರು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.
ತಳದ ಬಂಡೆ ಒದ್ದು ಮೇಲೇಳುವ ಕೆಲಸ, ಎಂದೆ.
ಬರಿಗಾಲಿನಲ್ಲೇ?
ಇಲ್ಲ. ಕಾಲುಚೀಲ ಇರುತ್ತದೆ.
ಒಂದೇ ಒಂದು ದಿನ...

ಗಂಟು ಬರುವುದಕ್ಕೆ ಹಿಂದಿನ ಬೇಸಿಗೆ.
ಯೊರಿಕೊಳ ಹಗ್ಗ ಬಂಡೆಗೆ ಸಿಕ್ಕಿ
ಅವಳ ಬಾಯಿಂದ ಗುಳ್ಳೆ ನಿಂತಿತ್ತು.
ಹಿಮ್ಮಡಿ ಹರಿದ ಚೀಲದಲ್ಲೇ ಧುಮುಕಿ
ಹಗ್ಗ ಕೊಯ್ದು, ಅವಳ ಕೂದಲು ಹಿಡಿದು,
ಎಲ್ಲಿ ಎಂದು ನೋಡದೆ ಒದ್ದೆ.
ಯೊರಿಕೊ ಈಗ ನಗೊಯಾದಲ್ಲಿ ಮೊಮ್ಮಗುವಿಗೆ ಸ್ವೆಟರ್ ಹೆಣೆಯುತ್ತಾಳೆ.
ಅವತ್ತು ಮುಳ್ಳು ಎಣಿಸುವ ವ್ಯವಧಾನ ಯಾರಿಗಿತ್ತು?

ಚೂರು ಕೊಯ್ದು ತ್ಸು ಪಟ್ಟಣಕ್ಕೆ ಕಳಿಸಿದರು.
ಹನ್ನೊಂದು ದಿನ.
ಆ ಹನ್ನೊಂದು ದಿನ, ಕಾಗದದಲ್ಲಿ ಬರಬಹುದಾದ
ಒಂದು ಶಬ್ದವನ್ನು ಮನೆಯಲ್ಲಿ ಯಾರೂ ಆಡಲಿಲ್ಲ,
ಅನ್ನದ ಬಟ್ಟಲುಗಳನ್ನೂ ಮೆತ್ತಗೆ ಇಟ್ಟೆವು.

ಕೆಟ್ಟದ್ದೇನಿಲ್ಲ, ಬರೆದಿತ್ತು.
ಸುಣ್ಣದಂಥ ಮುಳ್ಳಿನ ಪುಡಿ, ಅದರ ಸುತ್ತ
ಮೈ ತಾನೇ ಸುತ್ತಿದ ಮಾಂಸದ ಉಂಡೆ.
'ಮುತ್ತು ಕಟ್ಟುವ ಹಾಗೇ' ಎಂದಳು ಡಾಕ್ಟರ್ ಕುರಾಮೊಚಿ,
ಮುತ್ತಿನ ಊರಿನವಳಿಗೆ ಇಷ್ಟವಾದೀತೆಂದು.
ಮುತ್ತಾಗಿದ್ದರೆ ನಿನ್ನಿಂದ ದುಡ್ಡು ನಾನು ಇಸಿದುಕೊಳ್ಳುತ್ತಿದ್ದೆ, ತಾಯಿ,
ಎಂದು ಕೌಂಟರಿನಲ್ಲಿ ಮೂರು ಸಾವಿರ ಯೆನ್ ಎಣಿಸಿದೆ.

ಗುಡಿಸಲಿಗೆ ಹೋಗಿ ಷಿನೊಗೆ ಹೇಳಿದೆ.
ಹೇಳಿರಲಿಲ್ಲವೇ, ಎನ್ನಲಿಲ್ಲ ಮುದುಕಿ.
ಗೆಣಸು ಮುರಿದು ದೊಡ್ಡ ತುಂಡು ನನಗೆ ಕೊಟ್ಟು
ಬೆಂಕಿ ನೋಡುತ್ತ ಕೂತಳು.
'ಹಾಗಾದರೆ' ಎಂದಳು ಕೊನೆಗೆ,
'ಸೊಂಟವನ್ನೂ ಒಮ್ಮೆ ತೋರಿಸಬೇಕು.'